31 ಬಲದ ಕತ್ತಿಯೂ ಅಡುಗೆಮನೆ ಹೆಗ್ಗಣವೂ

ಆಟದಲ್ಲಿ ಆಯುಧ ಆರಿಸು ಅಂದರೆ ನನ್ನ ಕೈ ಸೀದಾ ಹೋಗುವುದು ಎಲ್ಲಕ್ಕಿಂತ ದೊಡ್ಡದರ ಮೇಲೆ. ಹುಬ್ಬಳ್ಳಿಯ ವಿಡಿಯೋ ಗೇಮ್ ಅಂಗಡಿಯಲ್ಲಿ ಅಂಟಿದ ಚಾಳಿ ಇದು. 1998ರಲ್ಲಿ ಪ್ಲೇಸ್ಟೇಷನ್‌ಗೆ ಟೆಕ್ಕನ್ 3 ಅನ್ನೋ ಹೊಡೆದಾಟದ ಆಟ ಬಂತು. ಒಂದೆರಡು ವರ್ಷದಲ್ಲಿ ನಮ್ಮ ಓಣಿಗೂ ಬಂತು. ಗರಡಿ ಮನೆಗಳ ಊರಿನವನು, ಜಾಗ್ವಾರ್ ಮುಖವಾಡದ ಕುಸ್ತಿಪಟು ಕಿಂಗ್‌ನನ್ನು ಆರಿಸಬೇಕಿತ್ತು. ಆರಿಸಿದ್ದು ಯೋಶಿಮಿತ್ಸುನನ್ನು. ಅವನ ಕೈಲಿ ಕತ್ತಿ ಇತ್ತು, ಅಷ್ಟೇ.

ಆ ಕತ್ತಿಯನ್ನು ಅವನು ತನ್ನ ಹೊಟ್ಟೆಗೇ ಚುಚ್ಚಿಕೊಳ್ಳುವ ವರಸೆಯೂ ಇದೆ ಅಂತ ಯಾರೂ ಹೇಳಿರಲಿಲ್ಲ. ಗಾಬರಿಯಲ್ಲಿ ಏನೇನೋ ಒತ್ತಿದೆ. ಎದುರಾಳಿ ಸುಮ್ನೆ ದೂರ ನಿಂತಿದ್ದ. ನಾನು ನನ್ನನ್ನೇ ಮುಗಿಸಿಕೊಂಡೆ. ಗೆಳೆಯನದು ಎಡ್ಡಿ, ಬ್ರೆಜಿಲ್‌ನ ಕಪೋಯೆರಾ ಅನ್ನೋ ಕಾದಾಟದ ವಿದ್ಯೆಯವನು. ಒದೆಯುವ ಎರಡು ಬಟನ್ ಮೇಲೆ ಜೋಳದ ರೊಟ್ಟಿ ಬಡಿದ ಹಾಗೆ ಬಡಿದರೆ ಸಾಕು, ಗಿರಗಿರ ತಿರುಗಿ ಒದೆಯುತ್ತಾನೆ. ಹಾಗೆ ಆಡಿದವರಿಗೆ ಗೆಲುವು ಕೊಡಬಾರದು ಅಂತ ಈಗಲೂ ನನ್ನ ಅಭಿಪ್ರಾಯ.

ಈಗ ಅಕ್ಕನ ಮಗನ ಕಂಪ್ಯೂಟರ್‌ನಲ್ಲಿ ಎಲ್ಡನ್ ರಿಂಗ್. 2022ರ ಆಟ, ರಾಕ್ಷಸರ ಜೊತೆ ಕಾದಾಡುವುದು. ಅದರಲ್ಲಿ ಗ್ರೇಟ್‌ಸ್ವೋರ್ಡ್ ಅಂತ ಒಂದಿದೆ. ಕತ್ತಿ ಅಲ್ಲ ಅದು, ಕಬ್ಬಿಣದ ಬಾಗಿಲು. ಎತ್ತಲು ನಮ್ಮ ಪಾತ್ರಕ್ಕೆ 31 ಅಂಕ ಬಲ ಬೇಕು. ಎರಡೂ ಕೈಲಿ ಹಿಡಿದರೆ ಬಲ ಒಂದೂವರೆ ಪಟ್ಟು ಲೆಕ್ಕ, 21 ಇದ್ದರೂ ನಡೆಯುತ್ತದೆ. ಸಾಲದ್ದಕ್ಕೆ ಮೈಮೇಲೆ ದಪ್ಪ ಕವಚ ಹೇರಿದೆ. ಹೊರೆ ಹೊರುವ ಮಿತಿಯ ಶೇಕಡಾ 70 ದಾಟಿತೋ, ಉರುಳಿ ತಪ್ಪಿಸಿಕೊಳ್ಳಲು ಹೋದವನು ಧೊಪ್ಪಂತ ಬೀಳುತ್ತಾನೆ. ದುರ್ಗದಬೈಲಿನಲ್ಲಿ ಹಬ್ಬದ ಸಂತೆ ಮಾಡಿ ನಾಲ್ಕು ಚೀಲ ಹೊತ್ತವನು ಆಟೋ ತಪ್ಪಿಸಿಕೊಳ್ಳುತ್ತಾನಲ್ಲ, ಹಾಗೆ. ನಾನು ಕತ್ತಿ ಎತ್ತಿ ಇಳಿಸುವಷ್ಟರಲ್ಲಿ ರಾಕ್ಷಸ ಮೂರು ಏಟು ಕೊಟ್ಟಾಗಿರುತ್ತದೆ. ಅಳಿಯ ಒಂದು ಚೂರಿ ಹಿಡಿದು ಅದೇ ರಾಕ್ಷಸನನ್ನು ಕೆಡವುತ್ತಾನೆ. "ಮಾಮಾ, ಇದು ಡೆಕ್ಸ್ ಬಿಲ್ಡ್" ಅನ್ನುತ್ತಾನೆ. ಬಲ ಬಿಟ್ಟು ಕೈಚಳಕಕ್ಕೆ ಅಂಕ ಹಾಕಿದವನು ಅಂತ ಅರ್ಥ.

ಹೋದ ವಾರ ರಾತ್ರಿ ಅಡುಗೆಮನೆಗೆ ಹೆಗ್ಗಣ ಬಂತು. ಕೈಗೆ ಸಿಗುವ ಹಾಗೆ ಲಟ್ಟಣಿಗೆ ಇತ್ತು, ಕಸಬರಿಗೆ ಇತ್ತು, ಕಾಲಲ್ಲಿ ಚಪ್ಪಲಿಯೂ ಇತ್ತು. ನಾನು ಹೋಗಿ ಜೇಡರ ಬಲೆ ತೆಗೆಯುವ ಉದ್ದನೆ ಬಿದಿರು ಬಡಿಗೆ ತಂದೆ. ಎರಡೂ ಕೈಲಿ ಹಿಡಿದು ಎತ್ತಿದೆ. ಎತ್ತುವಾಗ ಟ್ಯೂಬ್‌ಲೈಟ್ ಹೋಯಿತು. ಇಳಿಸುವಾಗ ಗುರೆಳ್ಳು ಚಟ್ನಿ ಡಬ್ಬಿ ಹೋಯಿತು. ಹೆಗ್ಗಣ ನನ್ನ ಪಾದದ ಮೇಲಿಂದ ಓಡಿತು. ಕತ್ತಲಲ್ಲಿ ಯಾರೋ ಕಿರುಚಿದರು. ನಾನೇ ಇರಬೇಕು.

ಅವ್ವ ಟಾರ್ಚ್ ಹಿಡಿದು ಬಂದಳು. ಹಿತ್ತಲ ಬಾಗಿಲು ತೆರೆದಳು. ಕಸಬರಿಗೆಯಿಂದ ನೆಲಕ್ಕೆ ಪಟ್ ಅಂತ ಒಂದೇ ಏಟು. ಹೆಗ್ಗಣ ಹೊರಗೆ.

"ಅಜ್ಜಿದೂ ಡೆಕ್ಸ್ ಬಿಲ್ಡ್, ಮಾಮಾ" ಅಂದ ಅಳಿಯ.

ಅವ್ವ ಅವನ ಮಾತಿಗೆ ಕಿವಿ ಕೊಡಲಿಲ್ಲ. ಕಸಬರಿಗೆ ನನ್ನ ಕೈಗಿಟ್ಟು, "ಹಿಡಿ, ಕಸಾ ಹೊಡಿ. ಗಾಜು ಬಿದ್ದಾವ, ಕಾಲಾಗ ಚುಚ್ಚ್ಯಾವು" ಅಂದಳು.