ಮನೇಲಿ ಒಂದು ಮಾತು ಕೇಳಿ ಹೇಳ್ತೀವಿ

ನಮ್ಮ ಹೈಕೋರ್ಟಿನ ಖಾಲಿ ಕುರ್ಚಿಗಳ ಸುದ್ದಿ ಮತ್ತೆ ಬಂದಿದೆ. ಮಂಜೂರಾದ ನ್ಯಾಯಮೂರ್ತಿ ಹುದ್ದೆ 62. ನಿವೃತ್ತಿ ವಯಸ್ಸೂ 62. ಎರಡನೆಯ 62 ಮಾತ್ರ ಒಂದು ದಿನವೂ ತಡವಾಗದೆ ತುಂಬುತ್ತದೆ.

ನೇಮಕದ ದಾರಿ ಗೊತ್ತಲ್ವಾ? ಇಲ್ಲಿನ ಮುಖ್ಯ ನ್ಯಾಯಮೂರ್ತಿ ಮತ್ತು ಇಬ್ಬರು ಹಿರಿಯರು ಹೆಸರು ಆರಿಸುತ್ತಾರೆ. ಫೈಲು ಮುಖ್ಯಮಂತ್ರಿ, ರಾಜ್ಯಪಾಲರನ್ನು ದಾಟಿ ದೆಹಲಿಗೆ ಹೋಗುತ್ತದೆ. ಅಲ್ಲಿ ಕಾನೂನು ಸಚಿವಾಲಯ, ಗುಪ್ತಚರ ವರದಿ, ಸುಪ್ರೀಂ ಕೋರ್ಟಿನ ಮೂವರು ಹಿರಿಯ ನ್ಯಾಯಮೂರ್ತಿಗಳು, ಮತ್ತೆ ಸಚಿವಾಲಯ, ಪ್ರಧಾನಿ, ಕೊನೆಗೆ ರಾಷ್ಟ್ರಪತಿಗಳ ಸಹಿ. ನಮ್ಮ ಹೈಕೋರ್ಟಿನ ಕೆಂಪು ಕಟ್ಟಡಕ್ಕೆ ಅಠಾರಾ ಕಚೇರಿ ಅಂತ ಹೆಸರು. ಹಿಂದೆ ಸರ್ಕಾರದ ಹದಿನೆಂಟು ಇಲಾಖೆಗಳು ಅಲ್ಲೇ ಇದ್ದವು. ಆಮೇಲೆ ಎದುರಿನ ವಿಧಾನಸೌಧಕ್ಕೆ ಹೋದವು. ಹೋಗುವಾಗ ಹದಿನೆಂಟು ಕಚೇರಿ ಸುತ್ತುವ ಚಾಳಿಯನ್ನು ಫೈಲಿಗೆ ಬಿಟ್ಟುಹೋದವು.

ಸಂವಿಧಾನ ಹೇಳಿದ್ದು ನ್ಯಾಯಮೂರ್ತಿಗಳ ಜೊತೆ ‘ಸಮಾಲೋಚನೆ’ ಮಾಡಿ ಅಂತ. ಹಾಗಂದ್ರೆ ‘ಒಪ್ಪಿಗೆ’ ಅಂತ 1993ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಜನರ ಪೀಠ ಹೇಳಿತು. ತಪ್ಪೇನಿಲ್ಲ ಬಿಡಿ. ನಾವೂ ‘ಮನೇಲಿ ಒಂದು ಮಾತು ಕೇಳಿ ಹೇಳ್ತೀನಿ’ ಅಂತೀವಿ. ಅದು ಬರೀ ಸಮಾಲೋಚನೆ ಅಂತ ನಂಬಿದ ಗಂಡಸು ಇನ್ನೂ ಹುಟ್ಟಿಲ್ಲ. ಸರ್ಕಾರ 2014ರಲ್ಲಿ ನೇಮಕಕ್ಕೆ ಆಯೋಗ ಮಾಡುವ ಕಾನೂನು ತಂದು ಯಜಮಾನಿಕೆಯಲ್ಲಿ ಪಾಲು ಕೇಳಿತು. 2015ರಲ್ಲಿ ಕೋರ್ಟು ಅದನ್ನು ರದ್ದು ಮಾಡಿತು. ಈಗ ಸರ್ಕಾರಕ್ಕೆ ಬೇರೆ ಉಪಾಯ ಸಿಕ್ಕಿದೆ. ಬೇಡ ಅನ್ನೋದಿಲ್ಲ, ಸುಮ್ನೆ ಇರುತ್ತದೆ. ಸುಪ್ರೀಂ ಕೋರ್ಟಿನ ಹಿರಿಯರು ಎರಡನೇ ಸಲ ಕಳಿಸಿದ ಹೆಸರನ್ನು ಮೂರು ನಾಲ್ಕು ವಾರದಲ್ಲಿ ನೇಮಿಸಬೇಕು ಅಂತ 2021ರಲ್ಲಿ ಕೋರ್ಟೇ ಹೇಳಿದೆ. ಯಾವ ವರ್ಷದ ವಾರ ಅಂತ ಹೇಳಿಲ್ಲ.

ಪಾಪ, ಜಡ್ಜ್ ಆಗೋಕೆ ಒಪ್ಪಿಗೆ ಪತ್ರ ಕೊಟ್ಟ ವಕೀಲರು. ‘ಸಾರ್ ಹೆಸರು ಹೋಗಿದೆಯಂತೆ’ ಅಂತ ಕ್ಯಾಂಟೀನಿನಲ್ಲಿ ಗುಸುಗುಸು. ಮಾರನೇ ದಿನವೇ ಕಕ್ಷಿದಾರ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡು, ಬೇರೆ ವಕೀಲರ ಹತ್ತಿರ ಹೋಗೋಕೆ ಎನ್‌ಒಸಿ ಕೇಳುತ್ತಾನೆ. ಜಡ್ಜೂ ಆಗಲಿಲ್ಲ, ವಕೀಲಿಕೆಯೂ ಉಳಿಯಲಿಲ್ಲ.

ಅವರದು ಹೋಗಲಿ. ಉತ್ತರ ಕರ್ನಾಟಕದ ಜನ ವರ್ಷಗಟ್ಟಲೆ ಹೋರಾಡಿ 2008ರಲ್ಲಿ ಧಾರವಾಡ, ಕಲಬುರಗಿಗೆ ಪೀಠ ತಂದರು. ಪೀಠ ಬಂತು, ಕೂರುವವರು ಬೇಕಲ್ಲ? ಪಟ್ಟಿಯಲ್ಲಿ ಕೇಸಿನ ನಂಬರ್ ನೋಡಿ ಬೆಳಗ್ಗೆಯಿಂದ ಕೂತ ಮುದುಕ, ಸಂಜೆ ‘ನಾಟ್ ರೀಚ್ಡ್’, ಅಂದ್ರೆ ಸರದಿ ಬರಲಿಲ್ಲ, ಅನ್ನಿಸಿಕೊಂಡು ಊರಿನ ಬಸ್ ಹತ್ತುತ್ತಾನೆ. ಇದರಲ್ಲಿ ನಗೋಕೆ ಏನಿದೆ ಹೇಳಿ. ಯಾರ ಮಾತು ನಡೀಬೇಕು ಅಂತ ಸರ್ಕಾರ, ಕೋರ್ಟು ನೀವಿಬ್ಬರೂ ಮೂವತ್ತು ವರ್ಷದಿಂದ ಕಿತ್ತಾಡುತ್ತಿದ್ದೀರಿ. ಅಷ್ಟರಲ್ಲಿ ಮುದುಕ ತೀರಿಕೊಳ್ಳುತ್ತಾನೆ. ವಾರಸುದಾರರನ್ನು ಸೇರಿಸಿಕೊಳ್ಳಿ ಅಂತ ಮಗ ಅರ್ಜಿ ಹಾಕುತ್ತಾನೆ.

ಅದೂ ನಾಟ್ ರೀಚ್ಡ್.