ತಾಯಿ ಮನೆಯ ಡಬ್ಬಿಯಲ್ಲಿ ಸಿಕ್ಕ ಒಣ ಅಬಲೋನ್‌ಗೆ ಬೆಲೆ ಎಷ್ಟು?

ಹಾಂಗ್‌ಕಾಂಗ್‌ನಲ್ಲಿ ಹಿರಿಯರು ತೀರಿಕೊಂಡ ಮನೆ ಖಾಲಿ ಮಾಡುವವರು ಒಡವೆ ಪೆಟ್ಟಿಗೆಗಿಂತ ಮೊದಲು ಅಡುಗೆಮನೆ ನೋಡೋದು ಒಳ್ಳೇದು. ಬಿಸ್ಕೆಟ್ ಡಬ್ಬಿ, ಗಾಜಿನ ಬಾಟಲಿ, ಫ್ರೀಜರಿನ ತಳ. ಅಲ್ಲಿ ಒಣ ಅಬಲೋನ್ (ಚಿಪ್ಪಿನ ಕಡಲಜೀವಿ), ಸಮುದ್ರ ಸೌತೆ (ಸೌತೆಕಾಯಿ ಆಕಾರದ ಕಡಲಪ್ರಾಣಿ), ಮೀನಿನ ಗಾಳಿಚೀಲ ಇರುತ್ತವೆ. ಮಗನ ಮದುವೆಗೆ, ಸೊಸೆಯ ಬಾಣಂತನಕ್ಕೆ ಅಂತ ಎತ್ತಿಟ್ಟದ್ದು. ನಾನು ಕುಂದಾಪುರದ ಕಡೆಯವಳು, ಒಣಮೀನಿನ ವಾಸನೆಗೆ ಮೂಗು ಮುರಿಯುವವಳಲ್ಲ. ಆದರೆ ಒಣಮೀನನ್ನು ಆಸ್ತಿ ಥರ ಕಾಪಾಡೋದನ್ನು ನೋಡಿದ್ದು ಇಲ್ಲೇ.

ಇಲ್ಲಿನ ನನ್ನ ಗೆಳತಿಯ ತಾಯಿ ಹೋದಮೇಲೆ ಡಬ್ಬಿ ಹೊತ್ತುಕೊಂಡು ಇಬ್ಬರೂ ಶ್ಯೂಂಗ್ ವಾನ್ ಬಡಾವಣೆಗೆ ಹೋದೆವು. ಡೆವೂ ರೋಡ್ ವೆಸ್ಟ್ ಉದ್ದಕ್ಕೂ ಒಣ ಸಮುದ್ರ ಪದಾರ್ಥದ ಅಂಗಡಿಗಳೇ. ಒಬ್ಬ ಮುದುಕ ಅಬಲೋನ್ ಒಂದನ್ನು ದೀಪಕ್ಕೆ ಹಿಡಿದ. ಒಳಗೆ ಕಾಕಂಬಿ ಬಣ್ಣದ ಬೆಳಕು. ನಡುವೆ ದಾರ ಒತ್ತಿದ ಗೆರೆ ನೋಡಿ "ಯೋಶಿಹಾಮಾ" ಅಂದ. ಜಪಾನಿನ ಇವಾಟೆ ಕರಾವಳಿಯ ಮಾಲು, ದಾರ ಪೋಣಿಸಿ ನೇತುಹಾಕಿ ಒಣಗಿಸಿದ್ದು.

ಲೆಕ್ಕ ಹಾಕೋದು ‘ತಲೆ’ಯಲ್ಲಿ. ಒಂದು ಕ್ಯಾಟಿಗೆ, ಅಂದರೆ ಸುಮಾರು 600 ಗ್ರಾಮಿಗೆ, ಎಷ್ಟು ತೂಗುತ್ತವೋ ಅಷ್ಟು ತಲೆ. 30 ತಲೆಯದು ಸಣ್ಣದು, 10 ತಲೆಯದು ದೊಡ್ಡದು. 2 ತಲೆಯದು ಸಾವಿರ ಚಿನ್ನ ಸುರಿದರೂ ಸಿಗದು ಅಂತ ಇಲ್ಲಿನ ಗಾದೆ.

ಹಾಗಂತ ಗಾಜಿನ ಕಪಾಟಿನಲ್ಲಿ ಬರೆದ ರೇಟು ನಿಮ್ಮ ಕೈಗೆ ಬರುತ್ತೆ ಅಂದುಕೊಳ್ಳಬೇಡಿ ಮಾರಾಯ್ರೆ. ಯಾವಾಗ ಕೊಂಡದ್ದು, ಎಲ್ಲಿಟ್ಟಿದ್ದರು, ಬೂಷ್ಟು ಹಿಡಿದಿತ್ತೋ, ಯಾರಿಗೆ ಗೊತ್ತು? ರಸೀದಿ ಇಲ್ಲದ ಮಾಲಿಗೆ ಅಂಗಡಿಯವನು ಹೊಣೆ ಹೊರಲ್ಲ. ಆತ ಹೇಳಿದ ಬೆಲೆ ಕೇಳಿ ಗೆಳತಿಯ ಮುಖ ಸಪ್ಪೆಯಾಯಿತು, ನನಗೆ ಸಿಟ್ಟೇ ಬಂತು. ಅವತ್ತಿಂದ ನನ್ನ ಅಭಿಪ್ರಾಯ ಒಂದೇ: ಮಾರಬೇಡಿ, ಬೇಯಿಸಿ. ಎರಡು ದಿನ ನೆನೆಸಿ, ಬಲಿತ ಕೋಳಿ, ಹಂದಿಮಾಂಸ, ಜಿನ್‌ಹುವಾ ಹ್ಯಾಮ್ (ಉಪ್ಪು ಹಾಕಿ ಒಣಗಿಸಿದ ಚೀನಾದ ಹಂದಿತೊಡೆ) ಜೊತೆ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಆ ತಾಯಿ ಕಾದಿಟ್ಟದ್ದಕ್ಕೆ ಅರ್ಥ ಬರುತ್ತೆ. ಮೊಮ್ಮಕ್ಕಳಿಗೆ ರುಚಿಯೇ ಗೊತ್ತಿಲ್ಲದ ಮೇಲೆ ಇನ್ನೂ ಇಪ್ಪತ್ತು ವರ್ಷ ಡಬ್ಬಿಯಲ್ಲಿಟ್ಟು ಏನು ಸಾಧನೆ?

ಗಾಳಿಚೀಲದ ಕಥೆ ಬೇರೆ. ಹಳೆಯದಾದಷ್ಟೂ ಹಳದಿ ತಿರುಗಿ ಬೆಲೆ ಏರುತ್ತೆ. ನಮ್ಮ ಪಶ್ಚಿಮ ಕರಾವಳಿಯ ಘೋಲ್ ಮೀನಿನ ಗಾಳಿಚೀಲಕ್ಕೂ ಇಲ್ಲಿ ಬೇಡಿಕೆ ಇದೆ; ಗುಜರಾತ್ 2023ರಲ್ಲಿ ಘೋಲನ್ನು ರಾಜ್ಯದ ಮೀನು ಅಂತ ಘೋಷಿಸಿದೆ. ಆದರೆ ಡಬ್ಬಿಯಲ್ಲಿ ಮೆಕ್ಸಿಕೋದ ಟೊಟೊಆಬಾ ಮೀನಿನದು ಇದ್ದರೆ ಕಷ್ಟ. ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವಿದೆ. ಅದನ್ನು ಹಿಡಿಯಲು ಹಾಕುವ ಬಲೆಗೆ ಸಿಕ್ಕಿ ವಕೀಟಾ ಅನ್ನೋ ಪುಟ್ಟ ಕಡಲಪ್ರಾಣಿ ಅಳಿವಿನ ಅಂಚಿಗೆ ಬಂದಿದೆ. ‘ಅಮ್ಮ ಯಾವಾಗಲೋ ಕೊಂಡದ್ದು’ ಅಂತ ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಹಾಕುವ ಮೊದಲು ಯಾವ ಮೀನಿನದು ಅಂತ ಬಲ್ಲವರಿಗೆ ತೋರಿಸಿ.

ಗೆಳತಿ ಪ್ರೀತಿಯಿಂದ ಒಂದು ಹಿಡಿ ಸಮುದ್ರ ಸೌತೆಯನ್ನೂ ಕಟ್ಟಿಕೊಟ್ಟಳು, ‘ಊರಿಗೆ ಒಯ್ಯಿ’ ಅಂತ. ಒಯ್ಯುವ ಹಾಗಿಲ್ಲ. ನಮ್ಮಲ್ಲಿ 2001ರಲ್ಲಿ ಅದನ್ನು ವನ್ಯಜೀವಿ ಕಾಯ್ದೆಯ ಅನುಸೂಚಿ 1ಕ್ಕೆ, ಹುಲಿಯ ಸಾಲಿಗೇ ಸೇರಿಸಿದರು; ಈಗಲೂ ಅದು ರಕ್ಷಿತ ಪ್ರಾಣಿ. ಇಲ್ಲೇ ಅವಳ ಮನೆಯಲ್ಲಿ ಬೇಯಿಸಿದೆವು. ಪಾತ್ರೆಗೆ ಎಣ್ಣೆ ಪಸೆ ತಾಗಬಾರದು ಅಂತ ಅವಳು ಮೂರು ಸಲ ತೊಳೆಸಿದಳು.