ಊರಿನ ಸಿಲಬಸ್‌ನಲ್ಲಿ ಊರೇ ಇಲ್ಲ

ಈಗಷ್ಟೇ ಕೌನ್ಸಿಲ್ ಕಚೇರಿಯಿಂದ ಬಂದೆ. ಕೋಟು ಕೂಡ ತೆಗೆದಿಲ್ಲ. ಇದನ್ನು ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ.

ಇಂಗ್ಲೆಂಡಿನಲ್ಲಿ ನಾವಿರುವ ಊರಿನ ಶಾಲೆಗಳಿಗೆ ಹೊಸ ಧಾರ್ಮಿಕ ಶಿಕ್ಷಣದ ಸಿಲಬಸ್ ಬರ್ತಾ ಇದೆ. ಅದರ ಕರಡು ಇವತ್ತು ಸಭೆಯಲ್ಲಿತ್ತು. ಮುಖಪುಟದ ಮೇಲೆ ಊರಿನ ಹೆಸರು ದೊಡ್ಡದಾಗಿದೆ. ಒಳಗೆ ಒಂದೊಂದೇ ಪುಟ ತಿರುವಿದೆ. ಇಲ್ಲಿಯ ಒಂದು ಚರ್ಚಿನ ಹೆಸರಿಲ್ಲ, ಒಂದು ಮಸೀದಿಯ ಹೆಸರಿಲ್ಲ, ಒಂದು ಬೀದಿಯ ಹೆಸರೂ ಇಲ್ಲ. ಕೇಳಿದರೆ ಗೊತ್ತಾಯ್ತು, ಸಿದ್ಧ ಸಿಲಬಸ್ ಕೊಂಡು ಹೆಸರು ಹಾಕಿದ್ದಾರೆ.

ಕರ್ನಾಟಕದಲ್ಲಿರುವ ಗೆಳೆಯರಿಗೆ ಸ್ವಲ್ಪ ವಿವರಿಸ್ತೀನಿ. ಇಂಗ್ಲೆಂಡಿನಲ್ಲಿ ಗಣಿತ, ವಿಜ್ಞಾನಕ್ಕೆಲ್ಲ ರಾಷ್ಟ್ರೀಯ ಪಠ್ಯಕ್ರಮ ಇದೆ. ಧಾರ್ಮಿಕ ಶಿಕ್ಷಣ ಮಾತ್ರ ಅದರೊಳಗಿಲ್ಲ. 1944ರ ಶಿಕ್ಷಣ ಕಾಯ್ದೆಯ ಕಾಲದಿಂದಲೂ ಅದನ್ನು ಆಯಾ ಪ್ರದೇಶದವರೇ ಕೂತು ಒಪ್ಪಿ ಮಾಡಬೇಕು. ಅದಕ್ಕೇ ಅದರ ಹೆಸರು ಅಗ್ರೀಡ್ ಸಿಲಬಸ್. ನಾಲ್ಕು ಗುಂಪಿನವರು ಕೂರುತ್ತಾರೆ. ಚರ್ಚ್ ಆಫ್ ಇಂಗ್ಲೆಂಡಿನವರು ಒಂದು, ಉಳಿದ ಕ್ರೈಸ್ತ ಪಂಗಡಗಳು ಮತ್ತು ಬೇರೆ ಧರ್ಮದವರು ಒಂದು, ಶಿಕ್ಷಕರ ಸಂಘಗಳು ಒಂದು, ಕೌನ್ಸಿಲ್ ಒಂದು. ಗುಂಪಿಗೊಂದು ವೋಟು. ನಾಲ್ಕೂ ಒಪ್ಪಲೇಬೇಕು. ಐದು ವರ್ಷಕ್ಕೊಮ್ಮೆ ಮತ್ತೆ ಕೂತು ನೋಡಬೇಕು. ಕ್ರೈಸ್ತ ಸಂಪ್ರದಾಯಕ್ಕೆ ಮುಖ್ಯ ಜಾಗ, ಆದರೆ ದೇಶದ ಇತರ ಪ್ರಮುಖ ಧರ್ಮಗಳೂ ಇರಬೇಕು ಅನ್ನೋದು 1988ರ ಕಾಯ್ದೆಯಲ್ಲಿ ಬಂತು. ಇದು ಪೂಜೆ ಕಲಿಸುವ ಪಾಠ ಅಲ್ಲ. ಪಕ್ಕದ ಮನೆಯವರು ಏನು ನಂಬುತ್ತಾರೆ, ಯಾಕೆ ನಂಬುತ್ತಾರೆ ಅಂತ ತಿಳಿಯುವ ಪಾಠ.

ಎಷ್ಟು ಒಳ್ಳೆ ವ್ಯವಸ್ಥೆ ನೋಡಿ. ಕಾನೂನೇ ಹೇಳುತ್ತದೆ, ನಿಮ್ಮ ಊರಿನವರು ಕೂತು ಮಾತಾಡಿ ಅಂತ. ಮಾತಾಡುವ ಕೆಲಸವನ್ನೇ ಬಿಟ್ಟು ಸಿದ್ಧ ಪುಸ್ತಕ ತಂದರೆ ಸಿಟ್ಟು ಬರೋದಿಲ್ವಾ?

ನನ್ನ ಸಿಟ್ಟಿಗೆ ಇನ್ನೊಂದು ಕಾರಣ ಇದೆ. ಅವ್ವ ಆರು ತಿಂಗಳ ವೀಸಾದ ಮೇಲೆ ಬಂದಿದ್ದಾಳೆ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕಿಟಕಿಯ ಹತ್ತಿರ ಮಣೆ ಹಾಕಿ ಕೂರುತ್ತಾಳೆ. ಶಿವದಾರದಲ್ಲಿರುವ ಬೆಳ್ಳಿ ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ಎಡಗೈ ಅಂಗೈಯಲ್ಲಿ ಇಟ್ಟುಕೊಳ್ಳುತ್ತಾಳೆ. ನೀರು, ವಿಭೂತಿ, ಒಂದು ಹೂವು. ಆಮೇಲೆ ಕೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಸುಮ್ಮನೆ ನೋಡುತ್ತಾ ಕೂರುತ್ತಾಳೆ. ನನ್ನ ಮಗಳು ಸಮವಸ್ತ್ರ ಹಾಕಿಕೊಂಡು ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿರುತ್ತಾಳೆ.

ಹೋದ ವಾರ ಶಾಲೆಯಿಂದ ಒಂದು ಹಾಳೆ ತಂದಳು. 'ಹಿಂದೂಗಳು ಎಲ್ಲಿ ಪೂಜೆ ಮಾಡುತ್ತಾರೆ? ಮಂದಿರದಲ್ಲಿ. ಯಾವುದಕ್ಕೆ? ಮೂರ್ತಿಗೆ.' ಚಿತ್ರಕ್ಕೆ ಗೆರೆ ಎಳೆದು ಜೋಡಿಸಬೇಕು. ಜೋಡಿಸಿ ಆದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು, 'ಅಮ್ಮ, ಅಜ್ಜಿ ಮಾಡೋದು ತಪ್ಪಾ?'

ಎಂಟು ವರ್ಷದ ಮಗು. ಆ ಪ್ರಶ್ನೆ ಅವಳ ಬಾಯಲ್ಲಿ ಬಂದಿದ್ದು ನನಗೆ ತಡೆದುಕೊಳ್ಳೋಕೆ ಆಗಲಿಲ್ಲ. ಲಿಂಗಾಯತ ಬೇರೆ ಧರ್ಮವೋ ಅಲ್ಲವೋ ಅನ್ನುವ ವಾದ ನಮ್ಮಲ್ಲೇ ಮುಗಿದಿಲ್ಲ, ಅದನ್ನು ಎಂಟು ವರ್ಷದವರಿಗೆ ಕಲಿಸಿ ಅಂತ ನಾನು ಹೇಳ್ತಾ ಇಲ್ಲ. 'ಕೆಲವರು ಮಂದಿರಕ್ಕೆ ಹೋಗುತ್ತಾರೆ, ಕೆಲವರು ಅಂಗೈಯಲ್ಲೇ ದೇವರನ್ನು ನೋಡುತ್ತಾರೆ' ಅಂದರೆ ಸಾಕಿತ್ತು. ಒಂದೇ ಒಂದು 'ಕೆಲವರು' ಸಾಕಿತ್ತು.

ನಮ್ಮ ಮನೆಯದು ಮಾತ್ರ ಅಲ್ಲ. ಅವಳ ಬೆಂಚಿನಲ್ಲಿ ಕೂರುವ ಮಲಯಾಳಿ ಹುಡುಗನ ಮನೆಯಲ್ಲಿ ಕ್ರಿಸ್‌ಮಸ್‌ಗೆ ಮುಂಚೆ 25 ದಿನ ಮಾಂಸ, ಮೀನು ಮುಟ್ಟುವುದಿಲ್ಲ. ಸಿರಿಯನ್ ಕ್ರೈಸ್ತರ ನೋಂಬು ಅದು. ಸಿಲಬಸ್‌ನ 'ಕ್ರೈಸ್ತರು' ಪುಟದಲ್ಲಿ ಆ ಹುಡುಗ ಎಲ್ಲಿದ್ದಾನೆ? ಇನ್ನು ಧರ್ಮವೇ ಇಲ್ಲದ ಮನೆಗಳು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಶೇ. 37.2 ಜನ ತಮಗೆ ಯಾವ ಧರ್ಮವೂ ಇಲ್ಲ ಎಂದು ಬರೆಸಿದ್ದಾರೆ. ಆ ಮಕ್ಕಳಿಗೆ ಈ ಕರಡಿನಲ್ಲಿ ಅರ್ಧ ಪುಟ ಕೊಟ್ಟಿದ್ದಾರೆ.

ಸಭೆಯಲ್ಲಿ ಒಬ್ಬರು ಟೀಚರ್ ಎದ್ದು ಹೇಳಿದರು, 'ವಾರಕ್ಕೆ ಒಂದು ಗಂಟೆ ಸಿಕ್ಕರೆ ಹೆಚ್ಚು. ನಾನೇ ಧರ್ಮಗಳ ಬಗ್ಗೆ ಓದಿದವಳಲ್ಲ. ಸರಳವಾಗಿ ಇಲ್ಲದಿದ್ರೆ ಪಾಠ ಮಾಡೋದು ಹೇಗೆ?' ಅವರ ಕಷ್ಟ ನನಗೆ ಅರ್ಥ ಆಗುತ್ತದೆ, ಪಾಪ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಸರಳ ಬೇರೆ, ತಪ್ಪು ಬೇರೆ ಅಲ್ವಾ? ಎರಡು ಬೀದಿ ಆಚೆಯ ಗುರುದ್ವಾರದವರನ್ನು ಕರೆದು ಮಾತಾಡಿಸುವುದು ಈ ಕರಡಿನ ಎಂಬತ್ತು ಪುಟ ಓದುವುದಕ್ಕಿಂತ ಸುಲಭ. ಅದೇ ಸ್ಥಳೀಯ ಅನ್ನುವ ಮಾತಿನ ಅರ್ಥ. ಬರ್ಮಿಂಗ್‌ಹ್ಯಾಮ್‌ನವರು 1975ರಲ್ಲೇ ತಮ್ಮ ಊರಿನ ಮಕ್ಕಳ ಮುಖ ನೋಡಿ ಹಲವು ಧರ್ಮಗಳ ಸಿಲಬಸ್ ಮಾಡಿದರು. ಆಗ ದೊಡ್ಡ ಗಲಾಟೆ ಆಯಿತು, ಆದರೂ ಮಾಡಿದರು. ಇಷ್ಟು ವರ್ಷ ಆದ ಮೇಲೆ ನಮಗೆ ಯಾಕೆ ಆಗಲ್ಲ? ಮಕ್ಕಳನ್ನು ಲಂಡನ್ನಿಗೆ ಪ್ರವಾಸ ಕರೆದುಕೊಂಡು ಹೋಗ್ತಾರೆ, ಪಾರ್ಲಿಮೆಂಟ್ ತೋರಿಸುತ್ತಾರೆ. ನದಿಯ ಆಚೆ ದಡದಲ್ಲೇ 2015ರಿಂದ ಬಸವಣ್ಣನ ಪ್ರತಿಮೆ ಇದೆ. ತಿರುಗಿ ತೋರಿಸೋಕೆ ಒಂದು ನಿಮಿಷ ಸಾಕು.

ಒಂದು ವಿಷಯ ಒಪ್ಪಿಕೊಳ್ಳಬೇಕು. ಎರಡು ವರ್ಷದ ಹಿಂದೆ ಶಾಲೆಯಿಂದ ಒಂದು ಚೀಟಿ ಬಂದಿತ್ತು. ನಿಮ್ಮ ಮನೆಯ ಆಚರಣೆ ಬಗ್ಗೆ ತರಗತಿಗೆ ಬಂದು ಹೇಳ್ತೀರಾ ಅಂತ ಕೇಳಿದ್ದರು. ನಾನು ಉತ್ತರ ಬರೆಯಲಿಲ್ಲ. ಕೆಲಸ ಜಾಸ್ತಿ ಇತ್ತು ಅಂತ ಆಗ ಹೇಳಿಕೊಂಡೆ. ನಿಜವಾಗಿ ಸಂಕೋಚ. ಇಂಗ್ಲಿಷಿನಲ್ಲಿ ಇಷ್ಟಲಿಂಗವನ್ನು ಹೇಗೆ ವಿವರಿಸಲಿ, ಮಕ್ಕಳು ನಕ್ಕರೆ ಮಗಳಿಗೆ ಬೇಜಾರಾಗುತ್ತೆ ಅಂತ ಸುಮ್ಮನಾದೆ. ನನ್ನ ಹಾಗೆ ಎಷ್ಟು ಮನೆಯವರು ಸುಮ್ಮನಾದರೋ. ಸಿದ್ಧ ಸಿಲಬಸ್ ಬಂದು ಕೂತದ್ದು ನಾವು ಖಾಲಿ ಬಿಟ್ಟ ಜಾಗದಲ್ಲೇ.

ಇವತ್ತು ನನಗೆ ಮೂರು ನಿಮಿಷ ಮಾತಾಡಲು ಬಿಟ್ಟರು. ಧ್ವನಿ ನಡುಗಿತು, ಆದರೆ ಮಗಳ ಪ್ರಶ್ನೆಯನ್ನು ಹಾಗೇ ಹೇಳಿದೆ. ವಿಕಾರ್ (ಚರ್ಚಿನ ಪಾದ್ರಿ) ಒಬ್ಬರು ಪೆನ್ನು ತೆಗೆದು ಬರೆದುಕೊಂಡರು. ಕರಡಿನ ಮೇಲೆ ಅಭಿಪ್ರಾಯ ಕಳಿಸಲು ತಿಂಗಳ ಕೊನೆಯವರೆಗೆ ಸಮಯ ಇದೆ. ಈ ಊರಿನಲ್ಲಿರುವ ಕನ್ನಡದವರು ದಯವಿಟ್ಟು ಎರಡು ಸಾಲಾದರೂ ಬರೆಯಿರಿ. ಮುಂದಿನ ಸಭೆಗೂ ಬನ್ನಿ, ಈ ಸಭೆಗಳು ಸಾರ್ವಜನಿಕರಿಗೆ ತೆರೆದಿರಬೇಕು ಅಂತ ನಿಯಮವೇ ಇದೆ.

ಟೀಚರ್‌ಗೆ ನಾನೂ ಒಂದು ಚೀಟಿ ಬರೆದಿಟ್ಟಿದ್ದೇನೆ, ಅವ್ವನನ್ನು ತರಗತಿಗೆ ಕರೆದುಕೊಂಡು ಬರಲಾ ಅಂತ. ನಾಳೆ ಬೆಳಿಗ್ಗೆ ಮಗಳ ಬ್ಯಾಗಿನಲ್ಲಿ ಹಾಕಿ ಕಳಿಸ್ತೀನಿ.